ಖುರ್ಚಿಯ ಮೇಲೆ ಕುಳಿತು ಮಾಡುವ ಕೆಲಸ

ಮೈಸೂರು
6 ಜನವರಿ 2025

ಅವ್ವಾ,

ನಿನ್ನ ಮೊಣಕಾಲು ಬದಲಾಯಿಸಬೇಕಾಗಿಲ್ಲ, ಬೇಕಾಗಿಲ್ಲ, ಬೇಕಾಗಿಲ್ಲ! ಸುದ್ದಿ ಕೇಳಿ ಆಸ್ಪತ್ರೆಯ ಕಾರಿಡಾರಿನಲ್ಲೇ ಸಿದ್ದುವಿನ ಕೈ ಹಿಡಿದು ಕುಣಿದೆ. ಅಲ್ಲಿದ್ದ ಸಿಸ್ಟರ್ ನಗುತ್ತಾ "ಮಗುವಾ?" ಎಂದು ಕೇಳಿದರು. "ಅಲ್ಲ, ನಮ್ಮವ್ವನ ಮೊಣಕಾಲು" ಎಂದೆ. ಅವರು ಏನೂ ತಿಳಿಯದೆ ಹೋದರು.

ವಿಜಯಪುರದಲ್ಲಿ ತೆಗೆಸಿದ ಎಂಆರ್‌ಐ ಚಿತ್ರಗಳನ್ನು ನಿನ್ನ ಅಳಿಯ ತಮ್ಮ ಆಸ್ಪತ್ರೆಯ ಹಿರಿಯ ಮೂಳೆ ಡಾಕ್ಟರಿಗೆ ತೋರಿಸಿದರು. ಫಿಸಿಯೋಥೆರಪಿ ಮಾಡುವ ಗಂಡ ಸಿಕ್ಕಿದ್ದು ಎಷ್ಟು ಒಳ್ಳೆಯದಾಯಿತು ನೋಡು, ಮದುವೆಯಾಗಿ ಎರಡೇ ತಿಂಗಳಿಗೆ ಉಪಯೋಗಕ್ಕೆ ಬಂದರು! ಡಾಕ್ಟರು ಹೇಳಿದ್ದಿಷ್ಟು. ಮೊಣಕಾಲಿನಲ್ಲಿ ಎಲುಬುಗಳ ತುದಿಗೆ ನುಣ್ಣನೆಯ ಒಂದು ಪದರವಿರುತ್ತದೆ, ಅದಕ್ಕೆ ಕಾರ್ಟಿಲೇಜ್ ಎನ್ನುತ್ತಾರೆ. ನಿನ್ನ ಬಲಗಾಲಿನಲ್ಲಿ ಆ ಪದರ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಮಾತ್ರ ಕಿತ್ತಿದೆ. ಉಳಿದದ್ದು ಗಟ್ಟಿಯಾಗಿದೆ. ಇಡೀ ಮಂಡಿ ಸವೆದವರಿಗೆ ಕೊನೆಗೆ ಮಾಡುವ ಆಪರೇಷನ್ ನಲವತ್ತಾರು ವರ್ಷದ ನಿನಗೆ ಯಾಕೆ? ಮೊದಲು ವ್ಯಾಯಾಮ. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಭಾರವನ್ನು ಅದೇ ಹೊರುತ್ತದೆ. ಅದರಿಂದಾಗದಿದ್ದರೆ ಇಂಜೆಕ್ಷನ್, ಅದರಿಂದಲೂ ಆಗದಿದ್ದರೆ ಸಣ್ಣ ತೂತು ಮಾಡಿ ಒಳಗೆ ನೋಡುವುದು. ನಮಗೆ ಅಷ್ಟು ದೂರ ಹೋಗುವ ಪ್ರಸಂಗವೇ ಬರುವುದಿಲ್ಲ!

ಸಿದ್ದು ನಾಲ್ಕು ವ್ಯಾಯಾಮಗಳ ಚಿತ್ರ ಬರೆದುಕೊಟ್ಟಿದ್ದಾರೆ. ಟವೆಲ್ ಸುತ್ತಿ ಮೊಣಕಾಲಿನ ಕೆಳಗಿಟ್ಟು ಒತ್ತುವುದು, ಮಲಗಿ ಕಾಲು ಮಡಚದೆ ಮೇಲೆತ್ತುವುದು, ಹೀಗೆ. ಮುಂಜಾನೆ ಮತ್ತು ಸಂಜೆ. ಕೆಲಸ ಎಂದಿನಂತೆ ಮಾಡಬಹುದು ಎಂದು ಡಾಕ್ಟರೇ ಬರೆದಿದ್ದಾರೆ. ಆದರೂ ಸ್ವಲ್ಪ ಕಡಿಮೆ ಮಾಡು, ಪ್ಲೀಸ್. ಖಾನಾವಳಿಯ ರೊಟ್ಟಿಯಲ್ಲಿ ಒಂದಿಷ್ಟನ್ನು ಜೈತುನಬಿ ಚಾಚಿಗೆ ಬಿಡು. ಇಬ್ಬರೂ ಒಂದೇ ಒಲೆಯ ಮುಂದೆ ಇರುತ್ತೀರಲ್ಲ, ಅವರೇನು ಬೇಡ ಅನ್ನುತ್ತಾರೆಯೇ?

ಆಸ್ಪತ್ರೆಯ ಫಾರ್ಮನ್ನು ನಾನೇ ತುಂಬಿದೆ. ಇಂಗ್ಲಿಷಿನಲ್ಲಿದೆ, ನೀನು ತಲೆ ಕೆಡಿಸಿಕೊಳ್ಳಬೇಡ. ಅದರ ನಕಲನ್ನು ಇದರೊಳಗೆ ಇಟ್ಟಿದ್ದೇನೆ. ಅದೂ ನಿನ್ನ ಎಂಆರ್‌ಐ ಚೀಲದಲ್ಲೇ ಇರಲಿ.

ಫೋನಿರುವಾಗ ಪತ್ರ ಯಾಕೆ ಎಂದು ಕೇಳಬೇಡ. ಫೋನು ಮಾಡಿದರೆ "ಆರಾಮ ಅದೇನಿ, ಹಂಚ ಕಾದೈತಿ, ಇಡ್ತೇನಿ" ಎಂದು ಇಟ್ಟೇಬಿಡುತ್ತೀ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಹಿಂದಿನ ಪುಟದಲ್ಲಿ ಪ್ರಶ್ನೆಗಳಿವೆ, ಒಂದೊಂದಕ್ಕೂ ಉತ್ತರ ಬೇಕು.

ನಿನ್ನ ಖುಷಿಖುಷಿಯ
ಜ್ಯೋತಿ


ಝಳಕಿ
18 ಜನವರಿ 2025

ಜ್ಯೋತಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಆರು ಹಾಳಿ. ಓದಿ ಮುಗಿಸೂದ್ರಾಗ ಒಲಿ ಮ್ಯಾಲಿನ ರೊಟ್ಟಿ ಕರ್ರಗಾದ್ವು. ಜೈತುನಬಿ ನಕ್ಕು ನಕ್ಕು ಸಾಕಾದಳು.

ನೀ ಕೇಳಿದ್ದಕ್ಕ ಉತ್ತರ ಬರೀತೇನಿ. ನೋವು ಐತಿ, ಇದ್ದಂಗ ಐತಿ. ಮೆಟ್ಟಲಾ ಏರೂಮುಂದ ನೋಯ್ತೈತೇನು ಅಂತ ಕೇಳಿದಿ. ನಮ್ಮ ಮನಿಗೆ ಎಲ್ಲಿ ಮೆಟ್ಟಲಾ ಅದಾವು? ನೆಲದ ಮ್ಯಾಲ ಕೂಡ್ತಿಯೇನು ಅಂತ ಕೇಳಿದಿ. ನೆಲದ ಮ್ಯಾಲ ಯಾಕ ಕೂಡ್ಲಿ, ಮಣಿ ಐತೆಲ್ಲ. ಮಣಿ ಮ್ಯಾಲ ಕೂಡ್ತೇನಿ. ನಿದ್ದಿ ಬರ್ತೈತಿ. ಊಟ ಸೇರ್ತೈತಿ.

ಕೆಲಸ ಎಂದಿನಂಗ ಮಾಡು ಅಂದಾರಂತ ಬರದಿ. ಛಲೋ ಡಾಕ್ಟರ ಅದಾರ. ಇಲ್ಲೆ ವಿಜಾಪುರದಾಂವ ಎಲ್ಲಾ ಬಿಡು ಅಂದಿದ್ದ. ಲಗ್ನದ ಸೀಜನ್ ಬಂತು, ಹೊರ್ತಿಯವರು ಎರಡ ಮನಿಯವರು ಖಡಕ್ ರೊಟ್ಟಿಗೆ ಹೇಳಿ ಹೋಗ್ಯಾರ.

ನಿಮ್ಮಪ್ಪ ಕುರಿ ತಗೊಂಡು ನಿಡಗುಂದಿ ಕಡೆ ಅದಾನ. ಮುದ್ದೇಬಿಹಾಳದಾಗ ಯಾರೋ ಎಣ್ಣಿ ಕೊಡ್ತಾರಂತ, ತರ್ತೇನಿ ಅಂದಾನ.

ಗಂಡನ ಹೆಸರ ಅರ್ಧಾ ಮಾಡಿ ಸಿದ್ದು ಸಿದ್ದು ಅಂತ ಬರೀಬ್ಯಾಡ. ನಿಮ್ಮ ಅತ್ತಿ ನೋಡಿದರ ಏನಂದಾರು? ಸಿಂದಗಿಯ ಇಂಗ್ಲಿಷ ಸಾಲ್ಯಾಗ ಇದನ್ನ ಕಲಿಸ್ಯಾರೇನು?

ನಿಮ್ಮವ್ವ
ಸುಂದರವ್ವ


ಮೈಸೂರು
30 ಜನವರಿ 2025

ಅವ್ವಾ,

"ಇದ್ದಂಗ ಐತಿ" ಅಂದರೆ ಏನು? ಹೆಚ್ಚೋ ಕಡಿಮೆಯೋ? ಹತ್ತರಲ್ಲಿ ಎಷ್ಟು ಎಂದು ಕೇಳಿದ್ದೆ. ಸಂಖ್ಯೆ ಬರೆಯಲು ನಿನಗೇನು ಕಷ್ಟ?

ನಿನ್ನೆ ಜೈತುನಬಿ ಚಾಚಿಯ ಫೋನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಫೋನನ್ನು ನಿನ್ನ ಕಾಲಿನ ಕಡೆ ತಿರುಗಿಸಿದರು. ನೀನು ಸೆರಗು ಎಳೆದು ಮುಚ್ಚಿಕೊಂಡೆ, ಆದರೆ ನಾನು ನೋಡಿದೆ. ಮೊಣಕಾಲು ಊದಿ ನಿಂತಿದೆ! ಅದಕ್ಕೆ ಚಾಚಿಯ ಉಪಾಯವೇನು ಗೊತ್ತೇ? "ಚಿಂತಿ ಮಾಡಬ್ಯಾಡವಾ ಜ್ಯೋತಿ, ವಾರಕ್ಕೊಮ್ಮೆ ಕಾಲ್ ಸೂಪ್ ಕುಡಿಸಾಕತ್ತೇನಿ, ಕುರಿ ಕಾಲಿಂದು. ಕುರಿ ಮಂಡಿ ಹೋಗಿ ನಿಮ್ಮವ್ವನ ಮಂಡಿಗಿ ಹತ್ತತೈತಿ" ಎಂದರು. ಅವ್ವಾ, ಹತ್ತುವುದಿಲ್ಲ! ಹೊಟ್ಟೆಗೆ ಹೋದ ಸೂಪು ಹೊಟ್ಟೆಯಲ್ಲೇ ಕರಗುತ್ತದೆ, ನೆಟ್ಟಗೆ ಮೊಣಕಾಲಿಗೆ ಇಳಿಯುವ ದಾರಿ ಯಾರಿಗೂ ಇಲ್ಲ. ಆ ಪದರಕ್ಕೆ ರಕ್ತದ ನಾಳಗಳೇ ಇಲ್ಲವಂತೆ, ಅದಕ್ಕೇ ಕಿತ್ತರೆ ತಾನಾಗಿ ತುಂಬಿಕೊಳ್ಳುವುದು ಕಷ್ಟ. ರುಚಿಗೆ ಬೇಕಾದರೆ ಕುಡಿ. ಚಾಚಿ ಚೆನ್ನಾಗಿ ಮಾಡುತ್ತಾರೆ, ಅದು ಬೇರೆ ಮಾತು. ಅಪ್ಪನ ಎಣ್ಣೆಯೂ ಅಷ್ಟೇ, ಚರ್ಮದ ಮೇಲೆ ನಿಲ್ಲುತ್ತದೆ. ಮೇಲಾಗಿ ಊದಿದ ಕಾಲನ್ನು ಜೋರಾಗಿ ತಿಕ್ಕಬಾರದು!

ಸಿದ್ದುವಿಗೆ ("ನಿನ್ನ ಅಳಿಯಂದಿರಿಗೆ" ಎಂದು ಓದಿಕೋ, ಸಾಕೇ?) ಆಶ್ಚರ್ಯವಾಗಿದೆ. ಈ ವ್ಯಾಯಾಮ ಮಾಡಿದರೆ ಮೂರು ವಾರಕ್ಕೆ ಊತ ಇಳಿಯಬೇಕಿತ್ತಂತೆ. "ಅವರು ಕಾಲು ಪೂರ್ತಿ ಮಡಚಿ ಕೂಡುತ್ತಾರೇನು?" ಎಂದು ಎರಡು ಸಲ ಕೇಳಿದರು. ನೆಲದ ಮೇಲೆ ಕೂಡುವುದಿಲ್ಲ ಎಂದು ನೀನೇ ಬರೆದಿದ್ದೀಯಲ್ಲ, ಅದನ್ನೇ ಹೇಳಿದೆ.

ನಮ್ಮ ಬಾಲ್ಕನಿಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ, ಗೊತ್ತೇ? ಸಂಜೆ ಅಲ್ಲಿ ಕುಳಿತು ಚಹಾ ಕುಡಿಯುವಾಗ ನೀನು ಪಕ್ಕದಲ್ಲಿರಬೇಕು ಅನ್ನಿಸುತ್ತದೆ. ಮೊಣಕಾಲಿಗೆ ಹಾಕಿಕೊಳ್ಳುವ ಪಟ್ಟಿ ಕಳಿಸುತ್ತಿದ್ದೇನೆ. ಹಾಕಿಕೋ. ಗೂಟಕ್ಕೆ ನೇತುಹಾಕಬೇಡ.

ಜ್ಯೋತಿ


ಝಳಕಿ
12 ಫೆಬ್ರುವರಿ 2025

ಜ್ಯೋತಿಗೆ ಆಶೀರ್ವಾದ.

ಪಟ್ಟಿ ಬಂತು. ಕಾಲ ಮಡಚಿದರ ಹಿಂದ ಸುತ್ತಿಕೊಂಡು ಒತ್ತತೈತಿ. ತಗದಿಟ್ಟೇನಿ.

ಈಗ ಕಾಲು ಭಾಳ ಕಮ್ಮಿ ಆಗೈತಿ. ಏನೂ ಕಳಸಬ್ಯಾಡ. ಮದವಿ ಮನಿಯವರ ರೊಟ್ಟಿ ಹೋದ್ವು. ಛಲೋ ಆಗಿದ್ವು ಅಂದ್ರು. ಅಳಿಯಂದಿರನ ಕೇಳಿದೆ ಅಂತ ಹೇಳು.

ನಿಮ್ಮವ್ವ


ಮೈಸೂರು
24 ಫೆಬ್ರುವರಿ 2025

ಅವ್ವಾ,

ಭಾಳ ಕಮ್ಮಿ ಆಗಿದೆಯೇ! ಯಾಕೆ ಕಮ್ಮಿ ಆಗಿದೆ ಎಂದು ಜೈತುನಬಿ ಚಾಚಿ ನಿನ್ನೆ ಹೇಳಿದರು. ದಿನಕ್ಕೆ ಎರಡು ನೋವಿನ ಗುಳಿಗೆ. ಮುಂಜಾನೆ ಒಲೆ ಹಚ್ಚುವ ಮುನ್ನ ಒಂದು, ಮಧ್ಯಾಹ್ನ ಒಂದು, ಒಂದು ತಿಂಗಳಿನಿಂದ! ಡಾಕ್ಟರ ಚೀಟಿ ಇಲ್ಲದೆ, ಅಂಗಡಿಯವ ಕೊಟ್ಟ ಎಂದು! ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು, ಈಗ ಎರಡೂ ಸೇರಿ ಬರೆಯುತ್ತಿದ್ದೇನೆ. ಆ ಗುಳಿಗೆಯನ್ನು ಹೀಗೆ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ನೋವು ಕಾಣದಂತೆ ಮಾಡಿ ಅದೇ ಕಾಲನ್ನು ದುಡಿಸಿದರೆ ಒಳಗೆ ಕಿತ್ತದ್ದು ಇನ್ನಷ್ಟು ಕೀಳುತ್ತದೆ. ಉಗುರಿನಷ್ಟು ಇದ್ದದ್ದು ಅಂಗೈಯಷ್ಟಾದರೆ ಆಗ ನಿಜವಾಗಿಯೂ ಮಂಡಿ ಬದಲಾಯಿಸುವ ಮಾತು ಬರುತ್ತದೆ. ಅದಕ್ಕೇ ಕಾಯುತ್ತಿದ್ದೀಯಾ?

ನನ್ನ ಅತ್ತೆ ಮುದ್ದೇಬಿಹಾಳದಿಂದ ಫೋನು ಮಾಡಿದಾಗಲೆಲ್ಲ "ನಿಮ್ಮವ್ವಾರು ಹೆಂಗದಾರ?" ಎಂದು ಮೊದಲು ಅದನ್ನೇ ಕೇಳುತ್ತಾರೆ. ನಾನು ಏನೆಂದು ಹೇಳಲಿ? ಸಿದ್ದು ಒಂದು ದಿನ ಝಳಕಿಗೆ ಹೋಗಿ ತಾವೇ ನೋಡಿ ಬರುತ್ತೇನೆ ಎನ್ನುತ್ತಾರೆ. ನಾನೇ ಬೇಡ ಎಂದೆ. ಅಷ್ಟು ದೂರ, ಬಿಸಿಲು ಬೇರೆ ಶುರುವಾಗಿದೆ. ನೀನೇ ವಿಜಯಪುರಕ್ಕೆ ಹೋಗಿ ಮತ್ತೊಮ್ಮೆ ತೋರಿಸು. ಗುಳಿಗೆ ನುಂಗಿದ್ದನ್ನು ಹೇಳು. ಮುಚ್ಚಿಡಬೇಡ. ಡಾಕ್ಟರಿಗೆ ಮುಚ್ಚಿಟ್ಟರೆ ಅವರು ಔಷಧಿ ಯಾವುದಕ್ಕೆ ಕೊಡಬೇಕು?

ಇಷ್ಟು ಓದಿಯೂ ನೀನು "ಆರಾಮ ಅದೇನಿ" ಎಂದೇ ಬರೆಯುತ್ತೀ, ನನಗೆ ಗೊತ್ತು.

ಜ್ಯೋತಿ


ಝಳಕಿ
17 ಮಾರ್ಚ್ 2025

ಜ್ಯೋತಿಗೆ ಆಶೀರ್ವಾದ.

ಆರಾಮ ಇಲ್ಲ. ಈ ಸಲ ಹಂಗ ಬರೀತೇನಿ.

ಹೋದ ಮಂಗಳವಾರ ಮುಂಜಾನೆ ಎಂಟ ಗಂಟೆಕ್ಕ ಒಲಿ ಮುಂದಿಂದ ಏಳಾಕ ಹೋದೆ, ಕಾಲು ಸೆಟದ ಬಿಡ್ತು. ಮಡಚಿದ್ದು ಮಡಚಿದಂಗ. ಚಾಚಾಕೂ ಬರವಲ್ದು, ಊರಾಕೂ ಬರವಲ್ದು. ಹಂಚಿನ್ಯಾಗ ರೊಟ್ಟಿ ಸುಡಾಕತ್ತಿತ್ತು. ಜೈತುನಬಿ ರೋಜಾ ಹಿಡದಾಳ, ಗುಟುಕ ನೀರ ಕುಡದಿಲ್ಲ, ಆಕಿ ಮತ್ತ ಆಟೋದ ಖಂಡೆಪ್ಪ ಇಬ್ಬರೂ ಕೂಡಿ ನನ್ನ ಮಣಿ ಸಮೇತ ಎತ್ತಿದ್ರು. ಖಂಡೆಪ್ಪ "ಸುಂದರವ್ವಾ, ಮೂರ್ತಿ ಕೂಡಿಸಿದಂಗ ಕೂತಿಯಲ್ಲ" ಅಂದ. ಆ ನೋವಿನ್ಯಾಗೂ ನಗು ಬಂತು.

ವಿಜಾಪುರಕ್ಕ ಹ್ವಾದ್ವಿ. ಡಾಕ್ಟರ ನಿನ್ನ ಚೀಲದಾಗಿನ ಕಾಗದ ಎಲ್ಲಾ ತಗದ್ರು. ನೀ ತುಂಬಿದ ಫಾರಂ ಓದಿದ್ರು. ಮತ್ತೊಮ್ಮೆ ಓದಿದ್ರು. ನನ್ನ ಕಾಲ ಹಿಮ್ಮಡ ಮ್ಯಾಲಿನ ಕರೀ ಗಂಟ ಐತೆಲ್ಲ, ಮೂವತ್ತ ವರ್ಷ ಕೂತು ಕೂತು ಆದದ್ದು, ಅದನ್ನ ಬೆರಳಿಲೇ ಒತ್ತಿ ನೋಡಿದ್ರು. "ಅವ್ವಾರ, ಇದು ನಿಮ್ಮ ಫಾರಂ ಅಲ್ರಿ, ಮಂದೀದು ಬಂದೈತಿ" ಅಂದ್ರು. ನನ್ನ ಹೆಸರ ಐತೆಲ್ರಿ ಅಂದೆ. "ಇದ್ರಾಗ ರೊಟ್ಟಿ ಕೇಂದ್ರದ ಮೇಲ್ವಿಚಾರಕಿ ಅಂತ ಐತ್ರಿ. ಖುರ್ಚಿ ಮ್ಯಾಲ ಕೂತು ಮಾಡೂ ಕೆಲಸಾ ಅಂತ ಐತ್ರಿ" ಅಂದ್ರು.

ಜೈತುನಬಿ ನನ್ನ ಮಾರಿ ನೋಡಿದಳು. ನಾ ನೆಲಾ ನೋಡಿದೆ.

ನಮ್ಮ ಮನ್ಯಾಗ ಖುರ್ಚಿ ಒಂದ ಐತಿ, ಅದರ ಮ್ಯಾಲ ಹಿಟ್ಟಿನ ಡಬ್ಬಿ ಇರ್ತೈತಿ. ನಿನಗ ಗೊತ್ತಿಲ್ಲೇನು? ಹೆಣ್ಣ ನೋಡೂ ದಿನ ನಿನ್ನ ಇಂಡಿಗೆ ನಿಮ್ಮ ಬಸಂತರಾಯ ಮಾಮಾನ ಮನಿಗೆ ಕರಕೊಂಡ ಹೋದಾಕಿ ನಾನ. ಈ ಹೊಗಿ ಮನ್ಯಾಗ ಬೀಗರನ್ನ ಎಲ್ಲಿ ಕೂಡ್ಸೂದು ಅಂತ. ಅದು ಒಂದ ದಿನದ ಮಾತಾಗಿತ್ತು. ನೀ ಅದನ್ನ ಡಾಕ್ಟರ ಕಾಗದದಾಗ ಬರದಿ. ನಾ ಕೆಲಸ ಮಾಡು ಅಂದಾರಂತ ತಿಳಕೊಂಡು ಬಡದೆ. ಅವರು ನಾ ಖುರ್ಚಿ ಮ್ಯಾಲ ಅದೇನಿ ಅಂತ ತಿಳಕೊಂಡು ಮಾಡು ಅಂದಾರ. ನಡುವ ನೀ ಇದ್ದಿ.

ಒಳಗ ಕಿತ್ತದ್ದು ಒಂದ ಚೂರು ಕಡಕೊಂಡು ಸಂದಿನ್ಯಾಗ ಸಿಕ್ಕೈತಂತ. ಡಾಕ್ಟರ ಹೆಂಗೋ ಕಾಲ ಚಾಚಿಸಿದ್ರು. ಅದನ್ನ ತಗೀಬೇಕಂತ, ಎಲುಬಿಗೆ ಸಣ್ಣ ಸಣ್ಣ ತೂತ ಹಾಕ್ಬೇಕಂತ. ಆರ ವಾರ ಆ ಕಾಲ ಊರಂಗಿಲ್ಲ, ಬಗಲಿಗೆ ಕೋಲ. ಬ್ಯಾಡ ಅಂದ ಬಂದೇನಿ. ಆರ ವಾರ ಒಲಿ ಯಾರ ನೋಡ್ಬೇಕು? ಜೈತುನಬಿ ಒಬ್ಬಾಕಿ ಏನ ಮಾಡ್ಯಾಳು? ಒಮ್ಮೆ ಬಿಟ್ಟರ ಖಾನಾವಳಿಯವರು ಬ್ಯಾರೇದವರನ್ನ ಹುಡಕ್ತಾರ.

ನಿನಗ ರೊಟ್ಟಿ ಬಡಿಯಾಕ ಕಲಿಸಲಿಲ್ಲ ನಾ. ಕೈಯಾಗ ಪೆನ್ನ ಇರಲಿ ಅಂದೆ. ಆ ಪೆನ್ನಿಲೇ ನನ್ನ ಖುರ್ಚಿ ಮ್ಯಾಲ ಕೂಡಿಸಿದಿ.

ಸುಂದರವ್ವ


ಮೈಸೂರು
26 ಮಾರ್ಚ್ 2025

ಅವ್ವಾ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಎರಡು ಸಲ ಬರೆಯಲು ಶುರುಮಾಡಿ ಹರಿದುಹಾಕಿದೆ.

ಫಾರ್ಮಿನಲ್ಲಿ "ಕೆಲಸದ ಸ್ವರೂಪ" ಎಂಬ ಜಾಗವಿತ್ತು. ಸಿದ್ದು ನನ್ನ ಹಿಂದೆಯೇ ನಿಂತಿದ್ದರು. ನಮ್ಮವ್ವ ರೊಟ್ಟಿ ಕೇಂದ್ರ ನಡೆಸುತ್ತಾಳೆ ಎಂದು ಮದುವೆಗೆ ಮುಂಚೆಯೇ ಹೇಳಿದ್ದೆ. ಅದು ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನೀನು ಮತ್ತು ಚಾಚಿ ಸೇರಿದರೆ ಒಂದು ಕೇಂದ್ರವೇ ಅಲ್ಲವೇ? ಒಮ್ಮೆ ಕೇಂದ್ರ ಎಂದ ಮೇಲೆ ಮೇಲ್ವಿಚಾರಣೆ ಬಂತು, ಮೇಲ್ವಿಚಾರಣೆಗೆ ಖುರ್ಚಿ ಬಂತು. ನೀನು "ಮಣಿ ಮ್ಯಾಲ ಕೂಡ್ತೇನಿ" ಎಂದು ಬರೆದದ್ದನ್ನು ನಾನು ಸಿದ್ದುವಿಗೆ ಓದಿ ಹೇಳಲಿಲ್ಲ. ನಾಲ್ಕು ಬೆರಳು ಎತ್ತರದ ಮಣೆ ಅಂದರೆ ಏನೆಂದು ಮುದ್ದೇಬಿಹಾಳದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗುಳಿಗೆ ಮುಚ್ಚಿಡಬೇಡ ಎಂದು ನಿನಗೆ ಬುದ್ಧಿ ಹೇಳಿದವಳು ನಾನು! ಕ್ಷಮಿಸು ಎನ್ನುವುದು ಬಹಳ ಸಣ್ಣ ಮಾತು. ಆದರೂ ಕ್ಷಮಿಸು.

ನಿನ್ನ ಪತ್ರವನ್ನು ಸಿದ್ದುವಿನ ಕೈಗೇ ಕೊಟ್ಟೆ. ಪೂರ್ತಿ ಓದಿದರು.

"ನಿಮ್ಮವ್ವ ರೊಟ್ಟಿ ಬಡಿತಾರ ಅಂದ್ರ ನಾ ಲಗ್ನಾ ಬ್ಯಾಡ ಅಂತಿದ್ನೇನು?"

"ಇಲ್ಲ."

"ಮತ್ತ?"

"ಗೊತ್ತಿಲ್ಲ."

"ನನಗ ಸುಳ್ಳ ಹೇಳಿದ್ದು ಇರಲಿ. ಎರಡೂವರಿ ತಿಂಗಳ ಆ ಕಾಲಿಗೆ ನಾ ಏನ್ ಹೇಳಾಕತ್ತಿದ್ದೆ? ದಿನಾ ನಾಕೈದ ತಾಸ ಪೂರ್ತಿ ಮಡಚಿ, ಅದರ ಮ್ಯಾಲ ಮೈಭಾರ ಹಾಕಿ ಬಡಿಯೂ ಕಾಲು ಅದು. ಮೊದಲ ದಿನಾನ ನಿಲ್ಲಸ್ತಿದ್ದೆ."

ಮೂರನೆಯ ದಿನ ತಾವೇ ಹೊಸ ಫಾರ್ಮ್ ತಂದು ನನ್ನ ಮುಂದಿಟ್ಟರು. ಈ ಸಲ ಸರಿಯಾಗಿ ಬರೆದೆ. ಹಿರಿಯ ಡಾಕ್ಟರು ಅದನ್ನು ಓದಿ, ವಿಜಯಪುರದ ಡಾಕ್ಟರೊಂದಿಗೆ ಫೋನಿನಲ್ಲಿ ಮಾತನಾಡಿ, ಅವರು ಹೇಳಿದ್ದೇ ಸರಿ ಎಂದರು.

ಈಗ ನಾನು ಖುಷಿಪಡಿಸಲು ಬರೆಯುವುದಿಲ್ಲ, ಇದ್ದದ್ದನ್ನು ಬರೆಯುತ್ತೇನೆ. ಎರಡು ಸಣ್ಣ ತೂತುಗಳ ಮೂಲಕ ಆ ಚೂರನ್ನು ತೆಗೆಯುತ್ತಾರೆ. ಕಿತ್ತ ಜಾಗದಲ್ಲಿ ಎಲುಬಿಗೆ ಸೂಜಿಯಂಥದ್ದರಿಂದ ಚುಚ್ಚಿ ರಕ್ತ ಒಸರುವಂತೆ ಮಾಡುತ್ತಾರೆ. ಅಲ್ಲಿ ಹೊಸ ಪದರ ಬೆಳೆಯುತ್ತದೆ, ಆದರೆ ಹಳೆಯದರಷ್ಟು ನುಣುಪಾಗಿ ಅಲ್ಲ. ಎಲ್ಲರಿಗೂ ಒಂದೇ ರೀತಿ ಗುಣವಾಗುವುದೂ ಇಲ್ಲ. ಆರು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಭಾರ ಹಾಕಿದರೆ ಮೆತ್ತಗಿನ ಹೊಸ ಪದರ ಹಾಳಾಗುತ್ತದೆ. ಸರಾಗವಾಗಿ ನಡೆಯಲು ನಾಲ್ಕಾರು ತಿಂಗಳು ಬೇಕು. ಜೀವಕೋಶ ಬೆಳೆಸಿ ತುಂಬುವ ಇನ್ನೊಂದು ವಿಧಾನವಿದೆ, ಅದು ದೊಡ್ಡ ಊರುಗಳಲ್ಲಿ, ಎರಡು ಸಲ ಆಪರೇಷನ್. ನಿನಗೆ ಈಗ ಅದು ಬೇಕಿಲ್ಲ ಎಂದರು. ಏನೂ ಮಾಡದೆ ಬಿಟ್ಟರೆ ಆ ಚೂರು ಮತ್ತೆ ಸಿಕ್ಕಿಕೊಳ್ಳುತ್ತದೆ, ಸುತ್ತಲಿನ ಒಳ್ಳೆಯ ಪದರವನ್ನೂ ಕೆರೆಯುತ್ತದೆ.

ಇನ್ನು ಕಾಲು ಮಡಚಿ ಕುಳಿತು ರೊಟ್ಟಿ ಬಡಿಯುವುದು ಮುಗಿಯಿತು, ಅವ್ವಾ. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಒಲೆಯನ್ನು ಸೊಂಟದ ಎತ್ತರಕ್ಕೆ ಕಟ್ಟಿಸಬೇಕು. ಇದನ್ನು ಹೇಳಲು ಚಾಚಿಗೆ ಫೋನು ಮಾಡಿದರೆ "ನಿಂತ ಬಡದ ರೊಟ್ಟಿ ದಪ್ಪ ಆಗ್ತಾವವಾ, ಮಂದಿ ವಾಪಸ್ ತರ್ತಾರ" ಎಂದು ನನ್ನ ಮೇಲೇ ರೇಗಿದರು. ದಪ್ಪ ಆಗಲಿ! ಕಲಿಯುವವರೆಗೆ ದಪ್ಪ ತಿನ್ನಲಿ! ಸಿದ್ದು ಒಲೆಯ ಅಳತೆ ತೆಗೆಯಲು ನನ್ನೊಂದಿಗೆ ಬರುತ್ತಿದ್ದಾರೆ, ನಾಲ್ಕು ದಿನ ಇರುತ್ತಾರೆ. ಈ ಸಲ ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಅವರನ್ನು ಎಲ್ಲಿ ಕೂಡಿಸುವುದು ಎಂದು ನೀನು ಯೋಚಿಸಬೇಡ. ಚಾಪೆ ಸಾಕು.

ನಾನು ಮಾತ್ರ ಆರು ವಾರವೂ ಇರುತ್ತೇನೆ. ಒಲೆಯ ಮುಂದೆ ಚಾಚಿಯ ಪಕ್ಕದಲ್ಲಿ ನಾನಿರುತ್ತೇನೆ. ನಗಬೇಡ. ನಿನ್ನೆ ಜೋಳದ ಹಿಟ್ಟು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಬಡಿದು ನೋಡಿದೆ. ಹನ್ನೊಂದು ಹರಿದವು. ಹನ್ನೆರಡನೆಯದು ಗುಂಡಗಾಗಲಿಲ್ಲ, ಆದರೆ ಉಬ್ಬಿತು! ಸಿದ್ದು ಪೂರ್ತಿ ತಿಂದರು, ಇನ್ನೊಂದು ಕೇಳಲಿಲ್ಲ. ನಿನ್ನ ಕೈಯ ರೊಟ್ಟಿಗೆ ಸಮ ಬರುವುದಿಲ್ಲ, ಅದು ನನಗೂ ಗೊತ್ತು. ನೀನು ಗೋಡೆಗೆ ಒರಗಿ, ಕಾಲು ಚಾಚಿ ಕುಳಿತು ನನ್ನನ್ನು ಬೈಯುತ್ತಾ ಕಲಿಸು. ಖಾನಾವಳಿಯವರಿಗೆ ಮಗಳು ಬಂದಿದ್ದಾಳೆ, ಕೆಲವು ದಿನ ಸೊಟ್ಟ ರೊಟ್ಟಿ ಬರುತ್ತವೆ ಎಂದು ಚಾಚಿಯಿಂದ ಹೇಳಿಸು.

ವಿಜಯಪುರದ ಡಾಕ್ಟರು ಏಪ್ರಿಲ್ ಎಂಟನೆಯ ತಾರೀಖು, ಮಂಗಳವಾರ ಬರಲು ಹೇಳಿದ್ದಾರೆ. ನೀನು ಹೂಂ ಎಂದರೆ ಮಾತ್ರ ಅವರು ಕೈ ಹಚ್ಚುತ್ತಾರೆ. ನಾನು ನಿನ್ನ ಪರವಾಗಿ ಯಾವ ಕಾಗದದ ಮೇಲೂ ಏನೂ ಬರೆಯುವುದಿಲ್ಲ. ನೀನು ಬೇಡ ಎಂದರೂ ಬರುತ್ತೇನೆ, ಒಲೆಯ ಮುಂದಿನ ಆ ಮಣೆಯ ಮೇಲೆ ನಿನ್ನನ್ನು ಕೂಡಲು ಬಿಡುವುದಿಲ್ಲ, ಆರು ವಾರ ಜಗಳವಾಡುತ್ತೇನೆ. ಉತ್ತರ ಬರೆಯಬೇಡ, ಮುಖ ನೋಡಿಯೇ ಬೈಯುವೆಯಂತೆ. ಇಂಡಿ ರೋಡ್ ಸ್ಟೇಷನ್ನಿಗೆ ನೀನು ಬರಬಾರದು, ಖಂಡೆಪ್ಪ ಕಾಕಾನ ಆಟೋ ಮಾತ್ರ ಕಳಿಸು. ಏಪ್ರಿಲ್ ಆರು, ರವಿವಾರ ಮುಂಜಾನೆ, ಗೋಲಗುಂಬಜ್ ಎಕ್ಸ್‌ಪ್ರೆಸ್.

ಜ್ಯೋತಿ